ಗ್ರೈಂಡಿಂಗ್ ವೀಲ್‌ನ ಮೈ ಅಳೆಯಲು ಕಲಿತದ್ದು: ನನ್ನ ಅನುಭವ

ಜಾಬ್ (ಗ್ರೈಂಡ್ ಮಾಡುವ ಲೋಹದ ತುಂಡು) ಮೇಲೆ ಸುಟ್ಟ ಕಲೆ ಕಂಡರೆ ಎಲ್ಲರೂ ಜಾಬ್‌ನ ರಫ್‌ನೆಸ್, ಅಂದರೆ ಒರಟುತನ, ನೋಡುತ್ತಾರೆ. ಅದನ್ನು ಕೆತ್ತಿದ ವೀಲ್‌ನ ಮೈ ಹೇಗಿದೆ ಅಂತ ನೋಡುವವರು ಕಡಿಮೆ. ನಾನೂ ಬಹಳ ದಿನ ನಿಂತ ವೀಲ್ ಮೇಲೆ ಬೆರಳಾಡಿಸಿ, ಚೂಪು ಹೋಗಿದೆ ಅಂತ ಡ್ರೆಸ್ಸಿಂಗ್ ಮಾಡಿಬಿಡುತ್ತಿದ್ದೆ, ಅಂದರೆ ವಜ್ರದ ಮೊನೆಯಿಂದ ವೀಲ್‌ನ ಮೇಲ್ಪದರ ಕೆರೆದು ಹೊಸ ಚೂಪು ತರುತ್ತಿದ್ದೆ.

ಅಳೆಯಲು ಹೊರಟಾಗ ಮೊದಲು ಕೈಗೆ ಸಿಕ್ಕಿದ್ದು ಸ್ಟೈಲಸ್ (ಮೈ ಮೇಲೆ ಎಳೆಯುವ ಸೂಜಿ) ಇರುವ ರಫ್‌ನೆಸ್ ಮೀಟರ್. ನಮ್ಮದು 60 ಗ್ರಿಟ್ ವೀಲ್, ಅಂದರೆ ಒಂದೊಂದು ಕಣ ಸುಮಾರು ಕಾಲು ಮಿಲಿಮೀಟರ್. ಕಣಗಳ ನಡುವಿನ ಗುಂಡಿಗೆ ಇಳಿದ ಸ್ಟೈಲಸ್ ಮುಂದಿನ ಕಣದ ಗೋಡೆಗೆ ಬಡಿಯುತ್ತದೆ. ಸ್ಟೈಲಸ್‌ನ ವಜ್ರದ ತುದಿಗೂ ಅಪಾಯ. ಅದಕ್ಕಿಂತ ಮುಖ್ಯವಾದದ್ದು, ಹೊಸದಾಗಿ ಡ್ರೆಸ್ ಮಾಡಿದ ವೀಲ್‌ಗೂ ಗ್ಲೇಜ್ ಆದ (ಕಣ ಸವೆದು ನುಣುಪಾದ) ವೀಲ್‌ಗೂ ಆರ್‌ಎ, ಅಂದರೆ ಸರಾಸರಿ ಒರಟುತನದ ಸಂಖ್ಯೆ, ಹೆಚ್ಚುಕಡಿಮೆ ಒಂದೇ ಬಂತು. ಯಾಕೆ? ಆ ಸಂಖ್ಯೆಯನ್ನು ಎಳೆಯುವುದು ಆಳದ ಗುಂಡಿಗಳು. ಲೋಹ ಕೆತ್ತುವುದು ಮಾತ್ರ ಮೇಲಿನ ಕೆಲವೇ ಮೈಕ್ರಾನ್ (ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ).

ಆಮೇಲೆ ಅಚ್ಚು ತೆಗೆಯುವ ದಾರಿ ಹಿಡಿದೆ. ಕೂಲೆಂಟ್ (ತಂಪು ಮಾಡುವ ನೀರು) ನಿಲ್ಲಿಸಿ ವೀಲನ್ನು ಸ್ವಲ್ಪ ಹೊತ್ತು ಖಾಲಿ ತಿರುಗಿಸುತ್ತೇನೆ, ಒಳಗಿನ ನೀರೆಲ್ಲ ಸಿಡಿದುಹೋಗಬೇಕು. ಮೆಷಿನ್‌ನ ಮೇನ್ ಸ್ವಿಚ್ ಆಫ್ ಮಾಡಿ ಲಾಕ್ ಹಾಕಿದ ಮೇಲೆಯೇ ಗಾರ್ಡ್ ತೆಗೆಯುವುದು. ವೀಲ್‌ನ ಬದಿಗೆ ಒಂದು ಗುರುತು ಹಾಕಿ, ಅದರ ನೇರಕ್ಕೆ ಸಿಲಿಕೋನ್ ಪೇಸ್ಟ್ ಒತ್ತುತ್ತೇನೆ. ಹಿಂದೆ ಗಟ್ಟಿ ತಗಡು ಇಡಲೇಬೇಕು, ಇಲ್ಲದಿದ್ದರೆ ಅಚ್ಚು ಬಾಗುತ್ತದೆ. ಮೊದಲ ಅಚ್ಚು ಬಿಡಿಸಿದಾಗ ಅದರ ತುಂಬ ಸಡಿಲ ಕಣ, ಕರಿ ಲೋಹದ ಪುಡಿ. ಅದನ್ನು ಬಿಸಾಡುತ್ತೇನೆ. ಅದೇ ಜಾಗದ ಎರಡನೆಯ ಅಚ್ಚೇ ನಿಜವಾದದ್ದು.

ಅಚ್ಚನ್ನು 3ಡಿ ಮೈಕ್ರೋಸ್ಕೋಪ್ ಕೆಳಗಿಟ್ಟು ನೋಡುತ್ತೇನೆ. ಅಲ್ಲಿ ಎಲ್ಲವೂ ತಿರುಗುಮುರುಗು. ಕಣದ ತುದಿ ಗುಂಡಿಯಾಗಿ, ಗುಂಡಿ ಗುಡ್ಡವಾಗಿ ಕಾಣುತ್ತದೆ. ಸಾಫ್ಟ್‌ವೇರ್‌ನಲ್ಲಿ ಅದನ್ನು ಮಗುಚಬೇಕು. ವೀಲ್‌ನ ದುಂಡಗನ್ನೂ ಕಳೆಯಬೇಕು. ಇದನ್ನು ಮರೆತು ನಾನು ಒಂದು ವಾರ ತಪ್ಪು ಲೆಕ್ಕ ಹಾಕಿದ್ದೆ. 300 ಮಿಮೀ ವ್ಯಾಸದ ವೀಲ್‌ನಲ್ಲಿ ಸುತ್ತಳತೆಯ ಗುಂಟ 4 ಮಿಮೀ ಉದ್ದ ಅಳೆದರೆ, ದುಂಡಗಿನಿಂದಲೇ ನಡುಭಾಗ ತುದಿಗಳಿಗಿಂತ 13 ಮೈಕ್ರಾನ್ ಎತ್ತರ ಇರುತ್ತದೆ. ನಾವು ಡ್ರೆಸ್ಸಿಂಗ್‌ನಲ್ಲಿ ಒಂದು ಸಲಕ್ಕೆ ತೆಗೆಯುವುದೇ 20 ಮೈಕ್ರಾನ್. ಅಂದಮೇಲೆ ಅದು ಸಣ್ಣ ತಪ್ಪಲ್ಲ, ಅಲ್ವಾ?

ಈಗ ನಾನು ನೋಡುವುದು ಎರಡೇ: ಮೇಲಿನ 20 ಮೈಕ್ರಾನ್ ಪದರದಲ್ಲಿ ಎಷ್ಟು ತುದಿಗಳಿವೆ, ಅವುಗಳಲ್ಲಿ ಎಷ್ಟರ ತಲೆ ಚಪ್ಪಟೆಯಾಗಿದೆ. ಚೂಪಾದ ಕಣದ ತುದಿ ಮುರಿದ ಕಲ್ಲಿನ ಹಾಗೆ ಅಂಕುಡೊಂಕು. ಸವೆದದ್ದರ ನೆತ್ತಿ ಮಟ್ಟಸ, ಅದರ ಮೇಲೆ ಕೆತ್ತಿದ ದಿಕ್ಕಿಗೇ ಸಣ್ಣ ಗೆರೆಗಳು. ಆ ಗೆರೆ ಮೊದಲ ಸಲ ಕಂಡಾಗ ಜಾಬ್ ಯಾಕೆ ಸುಡುತ್ತಿದೆ ಅಂತ ಕಣ್ಣಾರೆ ಗೊತ್ತಾಯಿತು. ಕಣ ಕೆತ್ತುತ್ತಿರಲಿಲ್ಲ, ಸುಮ್ನೆ ಉಜ್ಜುತ್ತಿತ್ತು.

ಆಶ್ಚರ್ಯವೆಂದರೆ, ಡ್ರೆಸ್ ಮಾಡಿದ ತಕ್ಷಣ ತೆಗೆದ ಅಚ್ಚಿನಲ್ಲೂ ಚಪ್ಪಟೆ ತಲೆಗಳು ಜಾಸ್ತಿ ಇದ್ದವು. ಡ್ರೆಸ್ಸಿಂಗ್‌ನ ವಜ್ರವನ್ನು ವೀಲ್ ಮೇಲೆ ತೀರಾ ನಿಧಾನವಾಗಿ ಸರಿಸುತ್ತಿದ್ದೆವು, ಒಂದೇ ಕಣದ ಮೇಲೆ ಅದು ಮತ್ತೆ ಮತ್ತೆ ಹಾಯುತ್ತಿತ್ತು. ಸರಿಯುವ ವೇಗ ಹೆಚ್ಚಿಸಿದೆವು. ಜಾಬ್‌ನ ಫಿನಿಶ್ ಸ್ವಲ್ಪ ಒರಟಾಯಿತು, ಆದರೂ ಡ್ರಾಯಿಂಗ್‌ನ ಮಿತಿಯೊಳಗೇ ಇತ್ತು. ಸುಟ್ಟ ಕಲೆ ಬೀಳುವುದು ನಿಂತಿತು.