ಹಳೇ ಪಿಕಪ್ ಎತ್ತರಿಸೋದು: ಬೋಲ್ಟ್ ತಿರುಗಿಸಿದರೆ ಮುಗೀಲಿಲ್ಲ

ಮೂತಿ ಮೇಲೆತ್ತಿಕೊಂಡು ನಿಂತ ಹಳೇ ಪಿಕಪ್ ಕಂಡರೆ ಬಗ್ಗಿ ಅದರ ಮುಂದಿನ ಟೈರ್ ನೋಡುವುದು ನನಗೊಂದು ಚಟ. ಹತ್ತರಲ್ಲಿ ಏಳೆಂಟು ಗಾಡಿಗಳ ಟೈರ್ ಒಂದೇ ಅಂಚಿನಲ್ಲಿ ಬೋಳಾಗಿರುತ್ತದೆ, ಉಳಿದ ಕಡೆ ಹೊಸದರಂತೆ ಇರುತ್ತದೆ. ಯಾರೋ ಟಾರ್ಷನ್ ಬಾರ್, ಅಂದರೆ ತಿರುಚಿಕೊಂಡು ಸ್ಪ್ರಿಂಗ್ ಕೆಲಸ ಮಾಡುವ ಉಕ್ಕಿನ ಸಲಾಕೆ, ಅದರ ಬೋಲ್ಟನ್ನು ಕೊನೆಯವರೆಗೆ ತಿರುಗಿಸಿ, ಕೈ ಒರೆಸಿಕೊಂಡು ಹೋಗಿರುತ್ತಾರೆ. ಟೂ ವೀಲ್ ಡ್ರೈವ್ ಪಿಕಪ್ ಎತ್ತರಿಸುವುದು ಕಷ್ಟದ ಕೆಲಸವಲ್ಲ. ಆದರೆ ಯಾವ ದಾರಿ ಏನು ಕೊಡುತ್ತದೆ, ಏನು ಕಿತ್ತುಕೊಳ್ಳುತ್ತದೆ ಅಂತ ಮೊದಲೇ ಗೊತ್ತಿರಬೇಕು.

ಹಂತ 1: ಏನು ಎತ್ತಬೇಕು?

ಸಸ್ಪೆನ್ಷನ್ ಎತ್ತರಿಸಿದರೆ ಚಾಸಿ ಮೇಲೇರುತ್ತದೆ. ಹಿಂದಿನ ಆಕ್ಸಲ್ ಇದ್ದಲ್ಲೇ ಇರುತ್ತದೆ. ಅದರ ನಡುವಿನ ಡಿಫರೆನ್ಷಿಯಲ್ ಗುಂಡು ಇದೆಯಲ್ಲ, ಕಲ್ಲಿಗೆ ಮೊದಲು ಬಡಿಯುವುದು ಅದೇ. ಅದನ್ನು ನೆಲದಿಂದ ಮೇಲೆತ್ತುವುದು ದೊಡ್ಡ ಟೈರ್ ಒಂದೇ, ಅದೂ ವ್ಯಾಸ ಹೆಚ್ಚಿದ್ದರ ಅರ್ಧದಷ್ಟು.

ಲೆಕ್ಕ ನೋಡಿ. 215/75 ಆರ್15 ಟೈರಿನ ವ್ಯಾಸ ಸುಮಾರು 703 ಮಿಲಿಮೀಟರ್. 235/75 ಆರ್15 ಹಾಕಿದರೆ 733. ವ್ಯತ್ಯಾಸ 30, ಗುಂಡು ಮೇಲೇರುವುದು ಬರೀ 15 ಮಿಲಿಮೀಟರ್. 31 ಇಂಚಿನ ಟೈರ್ ಹಾಕಿದರೆ ಸುಮಾರು 42 ಮಿಲಿಮೀಟರ್ ಸಿಗುತ್ತದೆ. ಆದರೆ ಆಗ ಸ್ಪೀಡೋಮೀಟರ್ 80 ತೋರಿಸುವಾಗ ನೀವು 89ರ ಆಸುಪಾಸಿನಲ್ಲಿ ಓಡುತ್ತಿರುತ್ತೀರಿ, ಹಳೇ ಎಂಜಿನ್ ಏರಿನಲ್ಲಿ ಏದುಸಿರು ಬಿಡುತ್ತದೆ.

ಹಾಗಾಗಿ ನನ್ನ ಮಾತು ಇಷ್ಟೇ: ಮೊದಲು ಟೈರ್ ಯಾವುದು ಅಂತ ತೀರ್ಮಾನಿಸಿ. ಅದು ಫೆಂಡರಿಗೆ, ಅಂದರೆ ಚಕ್ರದ ಮೇಲಿನ ಮಡ್‌ಗಾರ್ಡಿಗೆ, ಉಜ್ಜದಷ್ಟು ಮಾತ್ರ ಗಾಡಿ ಎತ್ತಿ. 2 ಇಂಚು ಧಾರಾಳ ಸಾಕು. 3 ಇಂಚು ದಾಟಿದರೆ ತಿರುವಿನಲ್ಲಿ ವಾಲುವ ಗಾಡಿಯನ್ನು ನೀವೇ ದುಡ್ಡು ಕೊಟ್ಟು ಕೊಂಡಂತೆ.

ಹಂತ 2: ಕೆಳಗೆ ಮಲಗಿ ನೋಡಿ

ಮುಂದೆ ಮೂರು ಬಗೆ ಸಾಮಾನ್ಯ. ಹಳೇ ಟೊಯೋಟಾ, ಮಜ್ದಾ, ನಿಸ್ಸಾನ್ ಪಿಕಪ್‌ಗಳಲ್ಲಿ ಚಾಸಿಯ ಉದ್ದಕ್ಕೆ ಮಲಗಿದ ಸಲಾಕೆ ಕಾಣುತ್ತದೆ, ಅದು ಟಾರ್ಷನ್ ಬಾರ್. ಷೆವರ್ಲೆ ಸಿ10 ಥರದವುಗಳಲ್ಲಿ ಚಕ್ರವನ್ನು ಚಾಸಿಗೆ ಹಿಡಿದಿಡುವ ಮೇಲಿನ, ಕೆಳಗಿನ ಎರಡು ಆರ್ಮ್‌ಗಳ ನಡುವೆ ಕಾಯಿಲ್ ಸ್ಪ್ರಿಂಗ್. ಫೋರ್ಡ್ 1965ರಲ್ಲಿ ತಂದ ಟ್ವಿನ್ ಐ ಬೀಮ್‌ನಲ್ಲಿ ಒಂದೊಂದು ಚಕ್ರಕ್ಕೂ ಒಂದೊಂದು ಉದ್ದನೆ ಉಕ್ಕಿನ ತೊಲೆ. ಹಿಂದೆ ಬಹುತೇಕ ಎಲ್ಲದರಲ್ಲೂ ಕಮಾನು ಪಟ್ಟಿ.

ಅಲ್ಲೇ ಮಲಗಿದ್ದಾಗ ಸುತ್ತಿಗೆಯಿಂದ ಚಾಸಿಯನ್ನು ಒಂದೆರಡು ಕಡೆ ತಟ್ಟಿ. ಟಣ್ ಅನ್ನಬೇಕು. ಡಬ್ ಅಂತ ಸದ್ದು ಬಂದು ತುಕ್ಕು ಉದುರಿದರೆ ಎತ್ತರಿಸುವ ಯೋಚನೆ ಬಿಟ್ಟು ಮೊದಲು ಅದನ್ನು ಸರಿಮಾಡಿಸಿ. ಆರ್ಮ್ ಚಕ್ರದ ಕಡೆ ಸೇರುವ ಬಾಲ್ ಜಾಯಿಂಟ್, ಆರ್ಮಿನ ಬುಡದ ಬುಷ್ ಸಡಿಲವಿದ್ದರೂ ಅಷ್ಟೇ.

ಹಂತ 3: ಟಾರ್ಷನ್ ಬಾರ್, ಎಲ್ಲರೂ ಕೆಡಿಸುವುದು ಇಲ್ಲೇ

ಬೋಲ್ಟ್ ಬಿಗಿ ಮಾಡಿದರೆ ಬಾರ್ ಗಟ್ಟಿಯಾಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಹಾಗೇನಿಲ್ಲ. ಬಾರಿನ ಬಿಗಿತ ಅದರ ದಪ್ಪ, ಉದ್ದ, ಉಕ್ಕಿನಲ್ಲಿದೆ. ಬೋಲ್ಟ್ ಮಾಡುವುದು ಆರ್ಮ್ ನಿಲ್ಲುವ ಜಾಗವನ್ನು ಕೆಳಕ್ಕೆ ತಳ್ಳುವ ಕೆಲಸ. ಹಾಗಾದರೆ ಗಾಡಿ ಕಲ್ಲಿನಂತೆ ಕುಕ್ಕುವುದು ಯಾಕೆ? ಚಕ್ರಕ್ಕೆ ಹಳ್ಳದೊಳಗೆ ಇಳಿಯಲು ಜಾಗ ಉಳಿದಿರುವುದಿಲ್ಲ. ಮೇಲಿನ ಆರ್ಮ್ ಪೂರ್ತಿ ಇಳಿಯದಂತೆ ತಡೆಯಲು ಒಂದು ರಬ್ಬರ್ ಗುಬ್ಬಿ ಇರುತ್ತದೆ. ಬೋಲ್ಟನ್ನು ಅತಿಯಾಗಿ ತಿರುಗಿಸಿದರೆ ನಿಂತ ಗಾಡಿಯಲ್ಲೇ ಆರ್ಮ್ ಆ ಗುಬ್ಬಿಯ ಮೇಲೆ ಕೂತಿರುತ್ತದೆ. ಪ್ರತಿ ಹಳ್ಳಕ್ಕೂ ಠಕ್, ಠಕ್.

ಸರಿಯಾಗಿ ಮಾಡುವ ಬಗೆ ಹೀಗೆ. ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ, ನಾಲ್ಕೂ ಚಕ್ರಕ್ಕೆ ಸರಿಯಾದ ಗಾಳಿ ತುಂಬಿ. ಚಕ್ರದ ನಡುಮಧ್ಯದಿಂದ ಫೆಂಡರ್ ಅಂಚಿನವರೆಗೆ ಅಳೆದು ಬರೆದಿಡಿ. ನೆಲದಿಂದ ಅಳೆಯಬೇಡಿ, ಟೈರಿನ ಸವೆತವೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಆಮೇಲೆ ಮೇಲಿನ ಆರ್ಮಿಗೂ ಆ ರಬ್ಬರ್ ಗುಬ್ಬಿಗೂ ನಡುವಿನ ಸಂದು ಅಳೆಯಿರಿ. ಈ ಒಂದು ಅಳತೆ ಯಾರೂ ತೆಗೆಯುವುದಿಲ್ಲ, ನಿಮಗೆ ಬೇಕಾಗಿರುವುದು ಮುಖ್ಯವಾಗಿ ಅದೇ. ಬೋಲ್ಟಿನಲ್ಲಿ ಎಷ್ಟು ಥ್ರೆಡ್ ಹೊರಗಿದೆ ಅಂತಲೂ ಬರೆದು, ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ.

ಹಿಂದಿನ ರಾತ್ರಿಯೇ ಬೋಲ್ಟಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಟ್ಟಿರಬೇಕು. ಬೆಳಗ್ಗೆ ತಂತಿ ಬ್ರಷ್‌ನಿಂದ ಉಜ್ಜಿ ಗ್ರೀಸ್ ಹಚ್ಚಿ. ಚಾಸಿಗೆ ಜ್ಯಾಕ್ ಕೊಟ್ಟು, ಸ್ಟ್ಯಾಂಡ್ ಮೇಲೆ ಕೂರಿಸಿ, ಎರಡೂ ಮುಂಚಕ್ರ ಗಾಳಿಯಲ್ಲಿ ತೂಗಾಡಲಿ. ಭಾರ ಇಳಿದ ಮೇಲೇ ಬೋಲ್ಟ್ ಮುಟ್ಟಬೇಕು. ನೆಲದ ಮೇಲೆ ನಿಂತ ಗಾಡಿಯಲ್ಲಿ ಉದ್ದನೆ ಪೈಪ್ ಸಿಕ್ಕಿಸಿ ತಿರುಗಿಸುವವರನ್ನು ನೋಡಿದ್ದೇನೆ, ಥ್ರೆಡ್ ಕಿತ್ತುಕೊಂಡು ಬಂದದ್ದನ್ನೂ ನೋಡಿದ್ದೇನೆ. ಇಂಪ್ಯಾಕ್ಟ್ ಗನ್ ಕೂಡ ಬೇಡ.

ಎರಡು ಸುತ್ತು ತಿರುಗಿಸಿ, ಆ ಕಡೆಯೂ ಎರಡು. ಗಾಡಿ ಇಳಿಸಿ. ಈಗಲೇ ಅಳೆಯಬೇಡಿ! ಜ್ಯಾಕಿನಿಂದ ಇಳಿದ ಚಕ್ರ ನೆಲಕ್ಕೆ ಕಚ್ಚಿಕೊಂಡು ಒಳಗೇ ನಿಂತಿರುತ್ತದೆ, ಗಾಡಿ ಸುಳ್ಳು ಎತ್ತರ ತೋರಿಸುತ್ತದೆ. ಹತ್ತು ಹೆಜ್ಜೆ ಮುಂದೆ, ಹತ್ತು ಹೆಜ್ಜೆ ಹಿಂದೆ ಓಡಿಸಿ, ಬಂಪರ್ ಮೇಲೆ ನಾಲ್ಕು ಸಲ ಕುಕ್ಕಿ, ಆಮೇಲೆ ಅಳೆಯಿರಿ. ಎಡಕ್ಕೂ ಬಲಕ್ಕೂ ಸುತ್ತಿನ ಲೆಕ್ಕ ಒಂದೇ ಇರಬೇಕಿಲ್ಲ. ಹಳೇ ಗಾಡಿಯಲ್ಲಿ ಒಂದು ಕಡೆಯ ಬಾರ್ ಜಾಸ್ತಿ ಸೋತಿರುತ್ತದೆ. ಎತ್ತರ ಸಮ ಬಂದರೆ ಸಾಕು.

ನಿಲ್ಲಿಸುವುದು ಯಾವಾಗ? ಮೊದಲು ಅಳೆದ ಸಂದಿನ ಅರ್ಧ ಉಳಿದಾಗ. ಬಹಳಷ್ಟು ಗಾಡಿಗಳಲ್ಲಿ ಇದು 1 ಇಂಚು, ಹೆಚ್ಚೆಂದರೆ ಒಂದೂವರೆ ಇಂಚಿಗೆ ಬಂದು ನಿಲ್ಲುತ್ತದೆ. ಬೋಲ್ಟಿನಲ್ಲಿ ಇನ್ನೂ ಥ್ರೆಡ್ ಇದೆ ಅಂತ ಆಸೆ ಬೀಳಬೇಡಿ. ಬೋಲ್ಟ್ ಮುಗಿದ ಮೇಲೆ ಬಾರನ್ನೇ ಬಿಚ್ಚಿ, ಅದರ ತುದಿಯ ಹಲ್ಲುಗಳಲ್ಲಿ ಒಂದು ಹಲ್ಲು ಮುಂದಕ್ಕೆ ಹಾಕುವವರೂ ಇದ್ದಾರೆ. ಬಾರ್ ಸೋತು ಕೆಳಗಿಳಿದಿದ್ದರೆ ಅದು ಸರಿ, ಎತ್ತರಕ್ಕಾಗಿ ಮಾಡಿದರೆ ಅದೇ ಠಕ್ ಠಕ್. ಬಿಚ್ಚುವುದೇ ಆದರೆ ಬೋಲ್ಟ್ ಪೂರ್ತಿ ಸಡಿಲಿಸಿ ಬಿಗಿ ಇಳಿಸಿಕೊಳ್ಳಿ. ಎಡದ ಬಾರನ್ನು ಬಲಕ್ಕೆ ಹಾಕಬೇಡಿ, ಎರಡಕ್ಕೂ ತಿರುಚುವ ದಿಕ್ಕು ಬೇರೆ.

ಅದೇ ದಿನ ವೀಲ್ ಅಲೈನ್‌ಮೆಂಟ್. "ನಾಳೆ ಮಾಡಿಸ್ತೀನಿ" ಅಂದವರ ಟೈರನ್ನೇ ನಾನು ಬಗ್ಗಿ ನೋಡುವುದು.

ಹಂತ 4: ಕಾಯಿಲ್ ಅಥವಾ ಐ ಬೀಮ್ ಇದ್ದರೆ

ಕಾಯಿಲ್ ಗಾಡಿಗೆ ನನ್ನ ಆಯ್ಕೆ ಲಿಫ್ಟ್ ಸ್ಪಿಂಡಲ್. ಇದರಲ್ಲಿ ಚಕ್ರ ಕೂರುವ ಗೂಟವನ್ನೇ ಕೆಳಗೆ ಇಳಿಸಿರುತ್ತಾರೆ. ಆರ್ಮ್, ಸ್ಪ್ರಿಂಗ್ ಇದ್ದ ಕೋನದಲ್ಲೇ ಇರುತ್ತವೆ, 2ರಿಂದ 3 ಇಂಚು ಎತ್ತರ ಸಿಗುತ್ತದೆ, ಕೂತು ಹೋಗುವ ಸುಖವೂ ಹಾಳಾಗುವುದಿಲ್ಲ. ಟಾರ್ಷನ್ ಬಾರ್ ಗಾಡಿಗೂ ಸಿಕ್ಕರೆ ಇದೇ ಒಳ್ಳೆಯದು. ದುಡ್ಡು ಜಾಸ್ತಿ, ನಿಜ. ಇಲ್ಲವಾದರೆ ಉದ್ದನೆ ಕಾಯಿಲ್. ಕಾಯಿಲ್ ಸುರುಳಿಗಳ ನಡುವೆ ತುರುಕುವ ರಬ್ಬರ್, ಅಲ್ಯೂಮಿನಿಯಂ ತುಂಡುಗಳನ್ನು ಮಾತ್ರ ಮುಟ್ಟಬೇಡಿ. ಆ ಜಾಗದಲ್ಲಿ ಸ್ಪ್ರಿಂಗ್ ಬಗ್ಗುವುದೇ ಇಲ್ಲ, ಭಾರವೆಲ್ಲ ಉಳಿದ ಸುರುಳಿಗೆ ಬಿದ್ದು ಒಂದು ದಿನ ಮುರಿಯುತ್ತದೆ.

ಒತ್ತಿದ ಕಾಯಿಲ್ ಅಂದರೆ ಕಟ್ಟಿಹಾಕಿದ ಗೂಳಿ. ಸ್ಪ್ರಿಂಗ್ ಒತ್ತಿ ಹಿಡಿಯುವ ಕಂಪ್ರೆಸರ್ ಇಲ್ಲದೆ, ಕೆಳಗಿನ ಆರ್ಮಿಗೆ ಜ್ಯಾಕ್ ಕೊಡದೆ ಬಾಲ್ ಜಾಯಿಂಟ್ ಬಿಚ್ಚಿದರೆ ಅದು ಹಾರುವ ದಾರಿಯಲ್ಲಿ ನಿಮ್ಮ ತಲೆ ಇರಬಹುದು.

ಐ ಬೀಮ್ ಗಾಡಿಗೆ ಬರೀ ಉದ್ದನೆ ಕಾಯಿಲ್ ಹಾಕಿದರೆ ಚಕ್ರಗಳ ತಲೆ ಹೊರಕ್ಕೆ ವಾಲುತ್ತದೆ. ತೊಲೆಯ ಬುಡವನ್ನೂ ಕೆಳಗಿಳಿಸುವ ಡ್ರಾಪ್ ಬ್ರ್ಯಾಕೆಟ್ ಜೊತೆಗೆ ಬರಲೇಬೇಕು.

ಹಂತ 5: ಹಿಂದಿನ ಪಟ್ಟಿ

ಹೊಸ ಕಮಾನು ಪಟ್ಟಿ ಕಟ್ಟಿಸುವುದು ಎಲ್ಲಕ್ಕಿಂತ ಚೆಂದ. ಹಳೇ ಗಾಡಿಯಲ್ಲಿ ಸೋತ ಪಟ್ಟಿ ಬದಲಾದರೇ ಕಳೆದುಹೋದ ಎತ್ತರ ವಾಪಸ್ ಬರುತ್ತದೆ. ಒಂದು ಪಟ್ಟಿ ಹೆಚ್ಚಿಗೆ ಸೇರಿಸಿದರೂ ಆಗುತ್ತದೆ, ಆದರೆ ಖಾಲಿ ಗಾಡಿ ಕುಣಿಯುತ್ತದೆ. ಉದ್ದನೆ ಶ್ಯಾಕಲ್, ಅಂದರೆ ಪಟ್ಟಿಯ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ, ಹಾಕುವುದಾದರೆ 2 ಇಂಚು ಉದ್ದಕ್ಕೆ ಸಿಗುವುದು 1 ಇಂಚು ಎತ್ತರ.

ಆಕ್ಸಲ್ ಮತ್ತು ಪಟ್ಟಿಯ ನಡುವೆ ಇಡುವ ಬ್ಲಾಕ್ ಅಗ್ಗ. 2 ಇಂಚಿನ ಒಂದೇ ತುಂಡಿನ ಉಕ್ಕಿನ ಬ್ಲಾಕ್ ಹಿಂದೆ ಹಾಕಿ, ತಕರಾರಿಲ್ಲ. ಒಂದರ ಮೇಲೊಂದು ಇಟ್ಟರೆ ಜಾರುತ್ತದೆ. ಕಮಾನು ಪಟ್ಟಿ ಮುಂದೆಯೂ ಇದ್ದರೆ ಅಲ್ಲಿ ಬ್ಲಾಕ್ ಬೇಡವೇ ಬೇಡ. ಪಟ್ಟಿಯನ್ನು ಆಕ್ಸಲಿಗೆ ಬಿಗಿದಿಡುವ ಯು ಬೋಲ್ಟ್ ಹೊಸದೇ ಆಗಬೇಕು. ಒಮ್ಮೆ ಬಿಗಿಯಾಗಿ ಎಳೆಸಿಕೊಂಡ ಬೋಲ್ಟ್ ಎರಡನೇ ಸಲ ಅದೇ ಹಿಡಿತ ಕೊಡುವುದಿಲ್ಲ. ಅಡ್ಡಡ್ಡ ಜೋಡಿಯಾಗಿ ಬಿಗಿ ಮಾಡಿ, 100 ಕಿಲೋಮೀಟರ್ ಓಡಿಸಿ ಮತ್ತೆ ಬಿಗಿ ಮಾಡಿ.

ಎತ್ತರಿಸಿದ ಮೇಲೆ ನಡುಗುವ ಸದ್ದು ಬಂದರೆ ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಕೋನ ಬಹುತೇಕ ಕೆಟ್ಟಿದೆ ಅಂತ ಅರ್ಥ. ಶಾಫ್ಟ್ ಒಂದೇ ತುಂಡಿನದಾದರೆ ಪಟ್ಟಿಯ ಕೆಳಗೆ ಇಳಿಜಾರು ಬೆಣೆ ಕೊಟ್ಟು ಕೋನ ಸರಿಪಡಿಸಿ. ಎರಡು ತುಂಡಿನದಾದರೆ ನಡುವಿನ ಬೇರಿಂಗನ್ನು ಸ್ವಲ್ಪ ಕೆಳಗಿಳಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಒಂದು ಸುಲಭ ದಾರಿಯೂ ಇದೆ. ನಿಮ್ಮ ಮಾಡೆಲ್‌ನಲ್ಲೇ ಫೋರ್ ವೀಲ್ ಡ್ರೈವ್ ಇದ್ದರೆ ಅದರ ಹಿಂದಿನ ಪಟ್ಟಿ, ಶ್ಯಾಕಲ್ ನಿಮ್ಮ ಗಾಡಿಗೆ ಕೂರುತ್ತದಾ ನೋಡಿ, ಗುಜರಿಯಲ್ಲಿ ಹುಡುಕಿ. ಕಂಪನಿಗಳೇ ಇದನ್ನು ಮಾಡಿವೆ. ಟೊಯೋಟಾ 1998ರಲ್ಲಿ ತಂದ ಟಕೋಮಾ ಪ್ರಿರನ್ನರ್, ಫೋರ್ ವೀಲ್ ಡ್ರೈವ್ ಎತ್ತರದ ಟೂ ವೀಲ್ ಡ್ರೈವ್ ಗಾಡಿ.

ಹಂತ 6: ಬಾಡಿ ಲಿಫ್ಟ್

ಚಾಸಿ ಮತ್ತು ಬಾಡಿ ನಡುವೆ 1ರಿಂದ 3 ಇಂಚಿನ ಬಿಲ್ಲೆ ಇಡುವುದು. ದೊಡ್ಡ ಟೈರಿಗೆ ಜಾಗ ಸಿಗುತ್ತದೆ, ಚಾಸಿ ಒಂದು ಕೂದಲಷ್ಟೂ ಮೇಲೇರುವುದಿಲ್ಲ. ಎತ್ತುವಾಗ ಸ್ಟೀರಿಂಗ್ ಶಾಫ್ಟ್, ಡೀಸೆಲ್ ತುಂಬುವ ಪೈಪ್, ಅರ್ಥ್ ವೈರ್ ಎಳೆದು ಹರಿಯದಂತೆ ನೋಡಿ, ಫ್ಯಾನ್ ಅದರ ಮುಚ್ಚಳಕ್ಕೆ ಬಡಿಯದಂತೆಯೂ. ಮರದ ತುಂಡು ಇಟ್ಟವರನ್ನು ಕಂಡಿದ್ದೇನೆ. ಮರ ನೆನೆಯುತ್ತದೆ, ಸೀಳುತ್ತದೆ. 1 ಇಂಚಿಗಿಂತ ಹೆಚ್ಚು ನಾನಂತೂ ಹೇಳುವುದಿಲ್ಲ.

ಹಂತ 7: ಮರೆತುಹೋಗುವ ಸಣ್ಣಪುಟ್ಟವು

ಚಕ್ರ ಪೂರ್ತಿ ಕೆಳಗೆ ಇಳಿದಾಗ ಬ್ರೇಕ್ ಹೋಸ್ ತಂತಿಯಂತೆ ಬಿಗಿಯಾಗಬಾರದು, ಶಾಕ್ ಅಬ್ಸಾರ್ಬರ್ ತುದಿಗೆ ಬರಬಾರದು. ಎರಡಕ್ಕೂ ಉದ್ದನೆಯದು ಹಾಕಿ. ಹೆಡ್‌ಲೈಟ್ ತಗ್ಗಿಸಿ, ಎದುರಿನವರ ಕಣ್ಣು ಕುಕ್ಕಬೇಡಿ.

ಇನ್ನೊಂದಿದೆ, ಅದನ್ನು ನಾನು ಕಲಿತದ್ದು ಬೆವರಿ. ಹಿಂದೆ 2 ಇಂಚು ಎತ್ತಿಸಿ ತಂದ ನನ್ನ ಗಾಡಿ ಲೋಡ್ ಹಾಕಿ ಬ್ರೇಕ್ ಒತ್ತಿದಾಗೆಲ್ಲ ಮೂತಿ ನೆಲಕ್ಕಿಟ್ಟು ನಿಲ್ಲುತ್ತಿತ್ತು, ಅದೂ ತಡವಾಗಿ. ಎತ್ತರಿಸಿದ ಮೆಕ್ಯಾನಿಕ್ ಪ್ಯಾಡ್ ಸವೆದಿದೆ ಅಂದ. ಹೊಸ ಪ್ಯಾಡ್ ಹಾಕಿದರೂ ಅದೇ ಕತೆ. ಕೊನೆಗೆ ನಾನೇ ಕೆಳಗೆ ಮಲಗಿ ನೋಡಿದರೆ ಹಿಂದಿನ ಆಕ್ಸಲ್‌ನಿಂದ ಚಾಸಿಯ ಮೇಲಿನ ಒಂದು ವಾಲ್ವ್‌ಗೆ ಬೆರಳು ದಪ್ಪದ ಸರಳು ಹೋಗಿತ್ತು. ಹಳೇ ಪಿಕಪ್‌ಗಳಲ್ಲಿ ಬಹಳಷ್ಟಕ್ಕೆ ಇದು ಇರುತ್ತದೆ. ಲೋಡ್ ಬಿದ್ದು ಚಾಸಿ ತಗ್ಗಿದರೆ ಸರಳು ವಾಲ್ವನ್ನು ತಳ್ಳಿ ಹಿಂದಿನ ಬ್ರೇಕಿಗೆ ಒತ್ತಡ ಹೆಚ್ಚಿಸುತ್ತದೆ. ಚಾಸಿ ಎತ್ತರಿಸಿದ ಮೇಲೆ ವಾಲ್ವ್‌ಗೆ ಗಾಡಿ ಯಾವಾಗಲೂ ಖಾಲಿ. ಆಕ್ಸಲ್ ಕಡೆ ಸರಳು ಕೂರುವ ಬ್ರ್ಯಾಕೆಟನ್ನು ಎತ್ತಿದಷ್ಟೇ, ಅಂದರೆ 2 ಇಂಚು, ಮೇಲಕ್ಕೆ ಸರಿಸಿದೆ. ಎರಡು ಬೋಲ್ಟ್, ಅರ್ಧ ಗಂಟೆ ಕೆಲಸ.