ಟೋಸ್ಟ್ ಹೊತ್ತಲ್ಲಿ ಕ್ಯಾಮೆರಾ ಯಾರ ಕಡೆ ಇರಬೇಕು?

ಮಂಗಳೂರು ಕಡೆಯ ಕ್ಯಾಥೊಲಿಕ್ ಮದುವೆ ರಿಸೆಪ್ಷನ್ ಶೂಟ್ ಮಾಡುವವರಿಗೆ ಒಂದು ಸಲಹೆ. ಟೋಸ್ಟ್, ಅಂದರೆ ಮದುಮಕ್ಕಳಿಗೆ ಶುಭ ಕೋರುವ ಮಾತು, ಹೇಳುವವರು ಮೈಕ್ ಹಿಡಿದ ಕೂಡಲೇ ಎಲ್ಲ ಕ್ಯಾಮೆರಾಗಳೂ ಅವರ ಎದುರಿಗೇ ನಿಲ್ಲುತ್ತವೆ. ಅವರದ್ದು ನಾಲ್ಕೈದು ಫೋಟೊ ಸಾಕು. ಅರ್ಧ ಮುಖ ಮೈಕೇ ಮುಚ್ಚಿರುತ್ತದೆ, ಅಲ್ವಾ? ಆಮೇಲೆ ಲೆನ್ಸ್ ಕೇಳುವವರ ಕಡೆ ತಿರುಗಲಿ.

ವೇದಿಕೆಯ ಒಂದು ಪಕ್ಕ ನಿಂತರೆ ಮದುಮಕ್ಕಳೂ ಸಿಗುತ್ತಾರೆ, ಮುಂದಿನ ಸಾಲಿನ ಅಪ್ಪ ಅಮ್ಮನೂ ಸಿಗುತ್ತಾರೆ. 70-200 ಎಂಎಂ ಝೂಮ್ ಲೆನ್ಸ್ ಇದ್ದರೆ ಒಳ್ಳೇದು, 85 ಎಂಎಂ ಆದರೂ ನಡೆಯುತ್ತದೆ. ಮದುಮಗನ ಹಾಸ್ಟೆಲ್ ಕಥೆ ಶುರುವಾಯಿತು ಅಂದರೆ ಮದುಮಗಳ ಮುಖಕ್ಕೆ ಫೋಕಸ್ ಇಟ್ಟು ಕಾಯಿರಿ. ಎಲ್ಲರೂ ನಕ್ಕು ಮುಗಿದ ಮೇಲೂ ಕ್ಯಾಮೆರಾ ಕೆಳಗಿಳಿಸಬೇಡಿ. ಅವಳು ಬಾಯಿಗೆ ಕೈ ಅಡ್ಡ ಹಿಡಿದು ಅವನ ಕಡೆ ತಿರುಗುವುದು, ಅವನು ತಲೆ ತಗ್ಗಿಸುವುದು ಆಮೇಲೆಯೇ. ಅಮ್ಮ ಸೆರಗಿನ ತುದಿಯಿಂದ ಕಣ್ಣೊರೆಸುವುದಂತೂ ಒಂದೇ ಕ್ಷಣ.

ಫ್ಲ್ಯಾಶ್ ಬೇಡ. ಒಂದು ಸಲ ಮಿಂಚಿದರೆ ಎಲ್ಲರೂ ಪೋಸ್ ಕೊಡಲು ಶುರು. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200ಕ್ಕೆ ಏರಿಸಿ, ಫೋಟೊದಲ್ಲಿ ಸ್ವಲ್ಪ ನಾಯ್ಸ್, ಅಂದರೆ ಕಾಳುಕಾಳು, ಬಂದರೆ ಬರಲಿ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಹಾಕಿದರೆ ಮಾತ್ರ ಹುಷಾರು. ನಮ್ಮ ಕರೆಂಟ್ 50 ಹರ್ಟ್ಸ್, ಅದಕ್ಕೆ ತಕ್ಕ ಹಾಗೆ ಮಿನುಗುವ ಹಾಲ್‌ನ ಎಲ್‌ಇಡಿ ಕೆಳಗೆ ಫೋಟೊದಲ್ಲಿ ಪಟ್ಟೆ ಬೀಳಬಹುದು. ಶಟರ್ ವೇಗ 1/100 ಸೆಕೆಂಡ್ ಇಟ್ಟು ಒಂದು ಟೆಸ್ಟ್ ಶಾಟ್ ನೋಡಿ. ಪಟ್ಟೆ ಹೋಗದಿದ್ದರೆ ಮೆಕ್ಯಾನಿಕಲ್ ಶಟರೇ ಸರಿ. ನಗುವಿನ ಗದ್ದಲದಲ್ಲಿ ಕ್ಲಿಕ್ ಯಾರಿಗೂ ಕೇಳುವುದಿಲ್ಲ.

ಗ್ಲಾಸ್ ಎತ್ತುವ ಹೊತ್ತಿಗೆ ವೈಡ್ ಲೆನ್ಸ್ ಬೇಕು. ಯಾವಾಗ ಅಂತ ಕಾರ್ಯಕ್ರಮ ನಡೆಸಿಕೊಡುವ ಎಂ.ಸಿ. ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ, ಕಾರ್ಯಕ್ರಮದ ಪಟ್ಟಿ ಅವರ ಕೈಯಲ್ಲೇ ಇರುತ್ತದೆ.