ಕೆಲಸ ಬದಲಾಯಿಸೋರು ಪಿಎಫ್ ಕಡೆ ಒಮ್ಮೆ ನೋಡಿ

ಹೊಸ ಆಫರ್ ಕೈಗೆ ಬಂದ ಖುಷಿಯಲ್ಲಿ ಸಂಬಳದ ಲೆಕ್ಕ ಎಲ್ಲರೂ ಹಾಕ್ತಾರೆ, ಹಳೇ ಪಿಎಫ್ ಕಡೆ ಯಾರೂ ತಿರುಗಿ ನೋಡಲ್ಲ.

ಹೊಸ ಕಂಪನಿಗೆ ನಿಮ್ಮ ಹಳೇ ಯುಎಎನ್, ಅದೇ ಎಲ್ಲ ಕಂಪನಿಯ ಪಿಎಫ್ ಖಾತೆಗಳನ್ನೂ ಜೋಡಿಸೋ 12 ಅಂಕಿಯ ನಂಬರ್, ಕೊಡಿ. ಇನ್ನೊಂದು ಹುಟ್ಟಿಕೊಂಡ್ರೆ ಎರಡನ್ನೂ ಸೇರಿಸೋಷ್ಟರಲ್ಲಿ ಸಾಕುಸಾಕಾಗುತ್ತೆ.

ತೀರಾ ತುರ್ತಿಲ್ಲದಿದ್ರೆ ದುಡ್ಡು ಬಿಡಿಸಿಕೊಳ್ಳಬೇಡಿ, ಟ್ರಾನ್ಸ್‌ಫರ್ ಮಾಡಿ. 5 ವರ್ಷ ಸೇವೆ ತುಂಬೋ ಮುಂಚೆ ತೆಗೆದ್ರೆ ಸಾಮಾನ್ಯವಾಗಿ ತೆರಿಗೆ ಬೀಳುತ್ತೆ. ಟ್ರಾನ್ಸ್‌ಫರ್ ಮಾಡಿದ್ರೆ ಹಳೇ ಕಂಪನಿಯ ವರ್ಷಗಳೂ ಲೆಕ್ಕಕ್ಕೆ ಬರುತ್ತೆ. ಪಿಎಫ್ ಜೊತೆ ಬರೋ ಪಿಂಚಣಿಗೆ ಬೇಕಾದ 10 ವರ್ಷದ ಸೇವೆ ಕೂಡ ಎರಡು-ಮೂರು ಕಂಪನಿ ಸೇರಿ ಆದ್ರೂ ನಡೆಯುತ್ತೆ. ಆದ್ರೆ ಪಿಂಚಣಿ ಪಾಲನ್ನೂ ತೆಗೆದುಬಿಟ್ರೆ ಆ ಸೇವೆ ಕೈಬಿಟ್ಟ ಹಾಗೇ.

ಅರ್ಜಿ ಸಿಕ್ಕಿಹಾಕಿಕೊಳ್ಳೋದು ಹೆಚ್ಚಾಗಿ ಎರಡು ಕಡೆ. ಒಂದು, ಹೆಸರು. ಆಧಾರ್‌ನಲ್ಲಿ ಇನಿಷಿಯಲ್ ಮುಂದೆ, ಪಿಎಫ್‌ನಲ್ಲಿ ಹಿಂದೆ, ಪ್ಯಾನ್‌ನಲ್ಲಿ ಅಪ್ಪನ ಪೂರ್ತಿ ಹೆಸರು! ನಮ್ಮ ಕಡೆಯವರಿಗೆ ಇದು ತಪ್ಪಿದ್ದಲ್ಲ. ಕೆಲಸದಲ್ಲಿರುವಾಗಲೇ ಸರಿ ಮಾಡಿಸಿ, ಬಿಟ್ಟಮೇಲೆ ಎಚ್‌ಆರ್ ಫೋನೇ ಎತ್ತಲ್ಲ. ಇನ್ನೊಂದು, ನೀವು ಕೆಲಸ ಬಿಟ್ಟ ದಿನಾಂಕವನ್ನ ಹಳೇ ಕಂಪನಿ ಹಾಕಿರಲ್ಲ. ಕೊನೇ ಕಂತು ಬಂದು 2 ತಿಂಗಳಾದ ಮೇಲೆ ಪಿಎಫ್ ಸದಸ್ಯರ ಪೋರ್ಟಲ್‌ನ 'ಮಾರ್ಕ್ ಎಕ್ಸಿಟ್'ನಲ್ಲಿ ಆಧಾರ್ ಒಟಿಪಿ ಕೊಟ್ಟು ನೀವೇ ಹಾಕ್ಕೋಬಹುದು. ರಿಲೀವಿಂಗ್ ಲೆಟರ್ ಎದುರಿಗಿಟ್ಟುಕೊಂಡೇ ಹಾಕಿ, ಆಮೇಲೆ ತಿದ್ದಿಸೋದು ದೊಡ್ಡ ತಲೆನೋವು.

ಹಣಕಾಸು ವರ್ಷದ ಮಧ್ಯೆ ಬಿಟ್ಟೋರು ಹಳೇ ಸಂಬಳದ ವಿವರವನ್ನ ಅದಕ್ಕಿರೋ ಫಾರ್ಮ್ ತುಂಬಿ ಹೊಸ ಕಂಪನಿಗೆ ಕೊಡಿ. ಇಲ್ಲದಿದ್ರೆ ಇಬ್ಬರೂ ಕಮ್ಮಿ ತೆರಿಗೆ ಹಿಡಿದು, ರಿಟರ್ನ್ಸ್ ಹಾಕುವಾಗ ಬಾಕಿಯೆಲ್ಲ ಒಟ್ಟಿಗೆ ನಿಮ್ಮ ತಲೆ ಮೇಲೆ.